ಬಯಲಿಗೆ ಹೊರಟ ಗಾಲಿಕುರ್ಚಿ

ಸಂಸಾರ ಸಮೇತ ಎಲ್ಲಿಗಾದರೂ ಹೊರಡುವುದೆಂದರೆ ನಮ್ಮ ಮನೆಗಳಲ್ಲಿ ಅದೊಂದು ಸಣ್ಣ ದಂಡಯಾತ್ರೆಯೇ ಸರಿ. ಬುತ್ತಿ ಕಟ್ಟಬೇಕು, ನೀರು ತುಂಬಿಕೊಳ್ಳಬೇಕು, ಜಮಖಾನೆ ಮರೆಯಬಾರದು. ಮನೆಯಲ್ಲಿ ನಡೆಯಲಾರದ ಮಗುವೊಂದಿದ್ದರೆ ಇದಕ್ಕೆಲ್ಲ ಮೊದಲು ಇನ್ನೊಂದು ಪ್ರಶ್ನೆ ಏಳುತ್ತದೆ: ಮಗು ನಮ್ಮೊಡನೆ ಎಲ್ಲಿಯವರೆಗೆ ಬರಬಲ್ಲುದು? ಬಹುಮಟ್ಟಿಗೆ ಇದರ ಉತ್ತರ, ಟಾರು ರಸ್ತೆ ಮುಗಿಯುವ ತನಕ ಎಂದೇ. ಅಲ್ಲಿಂದಾಚೆಗೆ ಕೆರೆಯ ಏರಿ, ತೋಪು, ಜಾತ್ರೆಯ ಬಯಲು, ಕಡಲ ದಂಡೆ ಎಲ್ಲ ಉಳಿದವರ ಪಾಲು.

ಮೂರು ವರ್ಷದ ಹಿಂದೆ ನಾವು ಮೈಸೂರಿನಿಂದ ಮಲ್ಪೆಗೆ ಹೋಗಿದ್ದೆವು. ನನ್ನ ಮೊಮ್ಮಗಳಿಗೆ ಆಗ ಆರು ವರ್ಷ. ಹುಟ್ಟಿದಂದಿನಿಂದ ಸೆರೆಬ್ರಲ್ ಪಾಲ್ಸಿ. ಕಾಲುಗಳಲ್ಲಿ ಬಿಗಿತ, ಬೆನ್ನು ಹೆಚ್ಚು ಹೊತ್ತು ನಿಲ್ಲದು, ಮಾತು ಮಾತ್ರ ಪಟಪಟ. ಅಲೆ ಎಷ್ಟು ಎತ್ತರ ಬರುತ್ತದೆಂದು ದಾರಿಯುದ್ದಕ್ಕೂ ಕೇಳುತ್ತ ಬಂದಳು. ಕಾರಿನಿಂದ ಗಾಲಿಕುರ್ಚಿ ಇಳಿಸಿ, ಅವಳನ್ನು ಕೂಡಿಸಿ, ಮರಳಿಗೆ ತಳ್ಳಿದೆವು. ಹತ್ತು ಹೆಜ್ಜೆ ಹೋಗಲಿಲ್ಲ. ಮುಂದಿನ ಪುಟ್ಟ ಗಾಲಿಗಳೆರಡೂ ಅಡ್ಡಕ್ಕೆ ತಿರುಗಿ ಹೂತುಕೊಂಡವು. ನನ್ನ ಮಗ ಹಿಂದಿನಿಂದ ಇನ್ನಷ್ಟು ಜೋರು ಹಾಕಿ ತಳ್ಳಿದ. ಕುರ್ಚಿ ಮುಂದಕ್ಕೆ ಮುಗ್ಗರಿಸಿತು. ಸೊಂಟದ ಪಟ್ಟಿ ಇದ್ದುದರಿಂದ ಮಗು ಬೀಳಲಿಲ್ಲ, ಅಷ್ಟೆ. ಎತ್ತಿಕೊಂಡು ಹೋಗೋಣವೆಂದರೆ ಅವಳು ಒಪ್ಪಲಿಲ್ಲ. ಅಷ್ಟು ಜನರೆದುರು ಕೂಸಿನ ಹಾಗೆ ಎತ್ತಿಸಿಕೊಳ್ಳುವುದು ಆರು ವರ್ಷದವಳಿಗೂ ನಾಚಿಕೆಯೇ. "ನೀವೆಲ್ಲ ಹೋಗಿ ಬನ್ನಿ. ನಾನು ಚಪ್ಪಲಿ ನೋಡ್ಕೋತೀನಿ" ಎಂದಳು. ಅಳಲಿಲ್ಲ. ಅತ್ತಿದ್ದರೇ ನಮಗೆ ಸುಲಭವಾಗುತ್ತಿತ್ತು. ನಾನೂ ಅವಳ ಜೊತೆ ಚಪ್ಪಲಿ ಕಾಯುತ್ತ ಕುಳಿತೆ.

ಅಂದಿನಿಂದ ಈ ಕುರ್ಚಿಗಳ ವಿಷಯದಲ್ಲಿ ನಾನು ಕಲಿತದ್ದನ್ನು, ಮಾಡಿದ ತಪ್ಪುಗಳನ್ನೂ ಸೇರಿಸಿ, ಈ ಹೊತ್ತು ನಿಮ್ಮ ಮುಂದಿಡುತ್ತೇನೆ. ನಾನು ವೈದ್ಯನಲ್ಲ, ಇಂಜಿನಿಯರೂ ಅಲ್ಲ, ತಳ್ಳುವವರಲ್ಲಿ ಒಬ್ಬ.

ಮೊದಲು ನಮ್ಮ ಕಣ್ಣಿಗೆ ಅಭ್ಯಾಸವಾಗಿರುವ ಕುರ್ಚಿಯನ್ನೇ ನೋಡೋಣ. ಹಿಂದೆ ಎರಡು ದೊಡ್ಡ ಗಾಲಿ, ಮುಂದೆ ಎತ್ತ ಬೇಕಾದರೂ ತಿರುಗುವ ಎರಡು ಪುಟ್ಟ ಗಾಲಿ, ಸೀಟಿನ ಕೆಳಗೆ ಕತ್ತರಿಯಂತೆ ಮಡಚುವ ಕೊಳವೆಗಳು. ಈ ರೂಪ ಅಮೆರಿಕದಲ್ಲಿ ಹುಟ್ಟಿತು. ಗಣಿ ಅಪಘಾತದಲ್ಲಿ ಬೆನ್ನು ಮುರಿದುಕೊಂಡಿದ್ದ ಹರ್ಬರ್ಟ್ ಎವರೆಸ್ಟ್ ಎಂಬ ಇಂಜಿನಿಯರೂ ಅವನ ಗೆಳೆಯ ಹ್ಯಾರಿ ಜೆನಿಂಗ್ಸನೂ ಸೇರಿ ೧೯೩೩ರ ಸುಮಾರಿಗೆ ಅದನ್ನು ರೂಪಿಸಿದರು. ಮಡಚಿ ಕಾರಿನಲ್ಲಿಟ್ಟುಕೊಂಡು ಹೋಗುವ ಹಾಗಿರಬೇಕೆಂಬುದು ಅವರ ಅಗತ್ಯ. ನಯವಾದ ನೆಲದ ಮೇಲೆ, ಮನೆ ಆಫೀಸುಗಳ ಬಾಗಿಲುಗಳ ನಡುವೆ, ನಿಂತಲ್ಲೇ ತಿರುಗುವುದಕ್ಕೆ ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಅದೇ ಕುರ್ಚಿ ಜಗತ್ತಿನ ಆಸ್ಪತ್ರೆಗಳಿಗೆಲ್ಲ ಹಬ್ಬಿ, ಗಾಲಿಕುರ್ಚಿ ಎಂದರೆ ಇದೇ ಎಂಬಂತಾಯಿತು. ಟೈಲ್ಸ್ ನೆಲಕ್ಕೆ ಹೊಲಿಸಿದ ಚಪ್ಪಲಿಯನ್ನು ಕಾಡಿಗೆ ಮೆಟ್ಟಿಕೊಂಡು ಹೋಗಿ, ಕಾಲಿನದೇ ದೋಷ ಎಂದುಕೊಂಡಿದ್ದೇವೆ ನಾವು.

ಕಷ್ಟವೆಲ್ಲ ಆ ಮುಂದಿನ ಪುಟ್ಟ ಗಾಲಿಯಲ್ಲಿದೆ. ಹದಿನೈದು ಸೆಂಟಿಮೀಟರ್ ಅಡ್ಡಳತೆಯ ಗಾಲಿಗೆ ಎರಡೂವರೆ ಸೆಂಟಿಮೀಟರ್ ಎತ್ತರದ ಕಲ್ಲೊಂದು ಅಡ್ಡ ಬಂತೆನ್ನಿ. ಅದನ್ನು ಹತ್ತಿಸಲು ಆ ಗಾಲಿಯ ಮೇಲೆ ಬಿದ್ದಿರುವ ಭಾರಕ್ಕಿಂತ ಹೆಚ್ಚಿನ ಬಲದಿಂದ ನೂಕಬೇಕಾಗುತ್ತದೆ. ಗಾಲಿಯ ಅಡ್ಡಳತೆ ಮೂವತ್ತು ಸೆಂಟಿಮೀಟರ್ ಆದರೆ ಆ ಭಾರದ ಮೂರರಲ್ಲಿ ಎರಡು ಪಾಲು ಬಲ ಸಾಕು. ಕಲ್ಲಿನ ಮಾತು ಹೀಗಾದರೆ ಮರಳು, ಕೆಸರುಗಳ ಮಾತೇ ಬೇರೆ. ಅಲ್ಲಿ ಗಾಲಿ ಎಷ್ಟು ಅಗಲವಾಗಿ ನೆಲವನ್ನು ಮುಟ್ಟುತ್ತದೆ ಎಂಬುದು ಮುಖ್ಯ. ಕಬ್ಬಿಣದ ಪಟ್ಟಿ ಹೊಡೆದ ಗಾಡಿಯ ಚಕ್ರ ಗದ್ದೆಯಲ್ಲಿ ಹೂತುಹೋಗುವುದನ್ನೂ ಅದರ ಪಕ್ಕದಲ್ಲೇ ಟ್ರಾಕ್ಟರು ದಪ್ಪ ಟೈರಿನಲ್ಲಿ ತೇಲಿದಂತೆ ಹೋಗುವುದನ್ನೂ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದಕಾರಣ ಅಂಗಡಿಗೆ ಹೋಗುವ ಮೊದಲು ನಿಮ್ಮ ಮಗು ಯಾವ ನೆಲದ ಮೇಲೆ ಹೋಗಬೇಕು ಎಂದು ಕೇಳಿಕೊಳ್ಳಿ. 'ಎಲ್ಲ ನೆಲಕ್ಕೂ ಆಗುವ ಕುರ್ಚಿ' ಎಂದು ಮಾರುವವರು ಹೇಳುತ್ತಾರೆ. ಅಂಥದ್ದು ಇಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾಗುವುದು ಉದ್ಯಾನದ ಮಣ್ಣು ದಾರಿ, ಹುಲ್ಲು, ಕೆರೆಯ ಏರಿ, ಹಳ್ಳಿಯ ಓಣಿ. ಅದಕ್ಕೆ ಮುಂದೆ ಒಂದೇ ದೊಡ್ಡ ಗಾಲಿಯಿರುವ, ಮೈ ಉದ್ದವಾದ ಮೂರು ಗಾಲಿಯ ಕುರ್ಚಿ ಒಳ್ಳೆಯದು. ಇಂಗ್ಲೆಂಡಿನಲ್ಲಿ ೧೯೯೧ರಲ್ಲಿ ಆರಂಭವಾದ ಮೋಟಿವೇಷನ್ ಎಂಬ ಸಂಸ್ಥೆ ನಮ್ಮಂಥ ದೇಶಗಳ ಕಚ್ಚಾ ರಸ್ತೆಗಳಿಗೆಂದೇ ಇಂಥ ಕುರ್ಚಿಯನ್ನು ರೂಪಿಸಿತು. ಅದರ ಸ್ಥಾಪಕರಲ್ಲೊಬ್ಬರಾದ ಡೇವಿಡ್ ಕಾನ್‌ಸ್ಟಂಟೈನ್ ಸ್ವತಃ ಗಾಲಿಕುರ್ಚಿಯಲ್ಲಿರುವವರು. ಅಮೆರಿಕದ ರಾಲ್ಫ್ ಹಾಚ್‌ಕಿಸ್ ಕೂಡ ಹಾಗೆಯೇ. ಅವರು ೧೯೮೦ರಲ್ಲಿ ನಿಕರಾಗುವಕ್ಕೆ ಹೋಗಿ, ಅಲ್ಲಿ ಕುರ್ಚಿ ಬಳಸುವವರ ಜೊತೆಗೇ ಕೂತು ಕೆಲಸ ಮಾಡಿದರು. ಮುಂದೆ ಅವರ ಬಳಗದಿಂದ ಬಂದ ಕುರ್ಚಿಗೆ ನಾಲ್ಕು ಗಾಲಿಯೇ ಇದ್ದರೂ ಮುಂದಿನವು ಅಗಲವಾದ ರಬ್ಬರಿನವು, ಹಿಂದಿನ ಗಾಲಿಗಳಿಂದ ದೂರದಲ್ಲಿರುವಂಥವು. ಕಲ್ಲು ಮುಳ್ಳಿನ ದಾರಿಯನ್ನು ಬಲ್ಲವರೇ ಕುರ್ಚಿಯನ್ನು ತಿದ್ದಿದರೆಂಬುದು ಇವುಗಳಲ್ಲಿ ನನಗೆ ಹಿಡಿಸಿದ ಗುಣ.

ಮೂರು ಗಾಲಿಯ ಕುರ್ಚಿಗೆ ತನ್ನದೇ ತೊಂದರೆಗಳಿವೆ. ಉದ್ದವಾದ್ದರಿಂದ ಮನೆಯೊಳಗೆ ತಿರುಗದು; ಬಚ್ಚಲಿಗೆ, ಊಟದ ಮೇಜಿಗೆ ಹಳೆಯ ಕುರ್ಚಿಯೇ ಬೇಕು. ಪಕ್ಕಕ್ಕೆ ಓರೆಯಾದ ಇಳಿಜಾರಿನಲ್ಲಿ ಆಟೋರಿಕ್ಷಾದ ಹಾಗೆ ವಾಲುವ ಸ್ವಭಾವ ಅದಕ್ಕಿದೆ. ಇನ್ನೊಂದು ಕುರ್ಚಿ ಕೊಳ್ಳುವ ಶಕ್ತಿಯಿಲ್ಲದವರಿಗೆ ಒಂದು ಮಧ್ಯಮಾರ್ಗವುಂಟು. ಇರುವ ಕುರ್ಚಿಯ ಕಾಲುಹಲಗೆಗೆ ಹೆಚ್ಚುಕಡಿಮೆ ಒಂದಡಿ ಅಡ್ಡಳತೆಯ ಬಿಡಿಗಾಲಿಯೊಂದನ್ನು ಬಿಗಿದರೆ, ಮುಂದಿನ ಪುಟ್ಟ ಗಾಲಿಗಳು ನೆಲ ಬಿಟ್ಟು ಮೇಲೇಳುತ್ತವೆ. ಗಟ್ಟಿ ಚೌಕಟ್ಟಿನ ಕುರ್ಚಿಗೆ ಇದು ಚೆನ್ನಾಗಿ ಕೂಡುತ್ತದೆ. ಪಕ್ಕಕ್ಕೆ ತೆರೆಯುವ, ಬಿಚ್ಚಿಡುವ ಕಾಲುಹಲಗೆಗಳಿದ್ದರೆ ಅದಕ್ಕೆಂದೇ ಮಾಡಿದ ಜೋಡಣೆ ಬೇಕಾದೀತು. ಇಲ್ಲದಿದ್ದರೆ ಕಾಲುಹಲಗೆಯೇ ಕಳಚಿ ಬಂದೀತು.

ಕಡಲ ಮರಳಿಗೆ ಬಲೂನಿನಂಥ ದಪ್ಪ ಗಾಲಿಗಳ ಕುರ್ಚಿಗಳಿವೆ. ಅವುಗಳಲ್ಲಿ ತುಂಬುವ ಗಾಳಿಯ ಒತ್ತಡ ಸೈಕಲ್ ಟೈರಿನ ಹತ್ತನೆಯ ಒಂದು ಪಾಲೂ ಇರದು. ಮರಳಿನ ಮೇಲೆ ದಿಂಬು ಉರುಳಿಸಿದಂತೆ ಹೋಗುತ್ತವೆ. ಆದರೆ ಇವುಗಳನ್ನು ಮಗು ತಾನೇ ನಡೆಸಲಾರದು. ಇನ್ನೂ ಮುಖ್ಯವಾದ ಎಚ್ಚರಿಕೆಯೆಂದರೆ, ಆ ಗಾಲಿಗಳು ನೀರಿನಲ್ಲಿ ತೇಲುತ್ತವೆ. ತೇಲಿದ ಕುರ್ಚಿಯನ್ನು ಅಲೆಯೊಂದು ಮಗುಚಿದರೆ, ಪಟ್ಟಿ ಬಿಗಿದು ಕೂಡಿಸಿದ ಮಗುವಿನ ಗತಿ ಏನು? ಅಲೆ ಬಂದು ಪಾದ ನೆನೆಸುವಲ್ಲಿಗೆ ಸಾಕು.

ಗಾಲಿಯೇ ಹೋಗಲಾರದ ಬೆಟ್ಟದ ಕಾಲುದಾರಿಗೆ ಫ್ರಾನ್ಸಿನಲ್ಲಿ ಒಂದು ವಿಚಿತ್ರ ವಾಹನವಿದೆ. ೧೯೮೭ರಲ್ಲಿ ಜೋಯೆಲ್ ಕ್ಲೋಡೆಲ್ ಎಂಬ ಪರ್ವತ ಮಾರ್ಗದರ್ಶಿ, ಸ್ನಾಯುಗಳು ಸೊರಗುವ ಕಾಯಿಲೆಯಿದ್ದ ತನ್ನ ಬಂಧುಗಳ ಪೈಕಿ ಹುಡುಗನೊಬ್ಬನನ್ನು ಬೆಟ್ಟ ಹತ್ತಿಸಬೇಕೆಂದು ಅದನ್ನು ಮಾಡಿದ. ಹೆಸರು ಜೋಯೆಲೆಟ್. ನಡುವೆ ಒಂದೇ ಗಾಲಿ, ಅದರ ಮೇಲೆ ಆಸನ. ಮುಂದೊಬ್ಬರು ಎಳೆಯುತ್ತಾರೆ, ಹಿಂದೊಬ್ಬರು ಹಿಡಿದು ತೂಗಿಸುತ್ತಾರೆ. ನಮ್ಮ ಮೇನೆಗೆ ಒಂದು ಗಾಲಿ ಹಚ್ಚಿದಂತೆ ಎನ್ನಿ. ನಮ್ಮ ಮನೆಗಳಿಗೆ ಅದರ ಬೆಲೆ ಎಟುಕುವುದು ಕಷ್ಟ. ಹಾಗಿದ್ದೂ ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಆ ಮನುಷ್ಯ ಕುರ್ಚಿಯಿಂದ ಹೊರಡಲಿಲ್ಲ. ಹುಡುಗನಿಂದಲೂ ಅವನು ಕಾಣಬೇಕೆಂದಿದ್ದ ಬೆಟ್ಟದಿಂದಲೂ ಹೊರಟ.

ಈಗ ನನ್ನ ತಪ್ಪಿನ ಕಥೆ. ಮಲ್ಪೆಯಿಂದ ಬಂದವನೇ ಒಂದು ಅಂಗಡಿಗೆ ಹೋಗಿ, ದಪ್ಪ ಟೈರುಗಳ ಭರ್ಜರಿ ಕುರ್ಚಿಯೊಂದನ್ನು ತಂದೆ. "ಮಕ್ಕಳು ಬೆಳೀತಾರಲ್ಲ ಸಾರ್, ಒಂದು ಸೈಜು ದೊಡ್ಡದೇ ತಗೊಳ್ಳಿ" ಎಂದ ಅಂಗಡಿಯಾತ. ಸ್ಕೂಲಿನ ಯೂನಿಫಾರ್ಮನ್ನು ಎರಡು ವರ್ಷಕ್ಕಾಗುವಂತೆ ಹೊಲಿಸಿ, ಅಂಚು ಮಡಚಿ ಹಾಕಿಸುವ ಮನೆತನ ನಮ್ಮದು. ಮಾತು ನ್ಯಾಯವಾಗಿಯೇ ಕಂಡಿತು. ಕುರ್ಚಿಗೆ ಅಂಚು ಮಡಚಲು ಬರುವುದಿಲ್ಲವೆಂಬುದು ಹೊಳೆಯಲಿಲ್ಲ. ಅಗಲವಾದ ಸೀಟಿನಲ್ಲಿ ಮಗು ಒಂದು ಪಕ್ಕಕ್ಕೆ ವಾಲಿ ಕೂರತೊಡಗಿತು. ಸೀಟು ಉದ್ದವಾದ್ದರಿಂದ ಬೆನ್ನು ಒರಗುವುದಕ್ಕೆ ಎಟುಕದೆ ಮುಂದಕ್ಕೆ ಜಾರುತ್ತಿತ್ತು. ಕಾಲು ಹಲಗೆಯ ಮೇಲೆ ನಿಲ್ಲದೆ ತೂಗಾಡುತ್ತಿತ್ತು. ಆರೇಳು ವಾರದ ಮೇಲೆ ಫಿಸಿಯೋಥೆರಪಿಸ್ಟ್ ನೋಡಿ, "ಇದರಲ್ಲಿ ಕೂರಿಸಿದರೆ ಬೆನ್ನುಮೂಳೆ ಸೊಟ್ಟಗಾಗುತ್ತೆ" ಎಂದು ಗದರಿಕೊಂಡರು. ಬಿಗಿತವಿರುವ, ಬೆನ್ನಿಗೆ ಬಲವಿಲ್ಲದ ಮಗುವಿಗೆ ಆಸನವೂ ಔಷಧದಷ್ಟೇ ನಿಖರವಾಗಿರಬೇಕೆಂದು ನನಗೆ ಅಂದು ತಿಳಿಯಿತು.

ಅಳತೆ ತೆಗೆಯುವುದು ಕಷ್ಟವಲ್ಲ; ಟೇಪು ಒಂದಿದ್ದರಾಯಿತು. ಮಗುವನ್ನು ಗಟ್ಟಿಯಾದ ಬೆಂಚಿನ ಮೇಲೆ ನೆಟ್ಟಗೆ ಕೂಡಿಸಿ. ಸೀಟಿನ ಅಗಲ ಮಗುವಿನ ಸೊಂಟದ ಅಗಲಕ್ಕಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿರಬಹುದು, ಅದಕ್ಕಿಂತ ಬೇಡ. ಕುಂಡೆಯ ಹಿಂಭಾಗದಿಂದ ಮೊಣಕಾಲಿನ ಹಿಂದಿನ ಮಡಿಕೆಯವರೆಗೆ ಅಳೆದು, ಅದರಲ್ಲಿ ಮೂರರಿಂದ ಆರು ಸೆಂಟಿಮೀಟರ್ ಕಳೆದರೆ ಸೀಟಿನ ಉದ್ದ ಸಿಗುತ್ತದೆ. ಪಾದ ಪೂರ್ತಿಯಾಗಿ ಹಲಗೆಯ ಮೇಲೆ ಊರಬೇಕು. ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಬೆಳೆಯುವ ಮಾತಿಗೆ ಉತ್ತರ, ಬೆಳೆದಂತೆ ಅಗಲವನ್ನೂ ಕಾಲುಹಲಗೆಯನ್ನೂ ಹೊಂದಿಸಲು ಬರುವ ಚೌಕಟ್ಟು. ಕತ್ತು ನಿಲ್ಲದ ಮಕ್ಕಳಿಗೆ ಇಡೀ ಆಸನವೇ ಹಿಂದಕ್ಕೆ ಬಾಗುವಂತಿದ್ದರೆ ಒಳ್ಳೆಯದು. ಬರಿಯ ಬೆನ್ನೊರಗು ಮಾತ್ರ ಬಾಗಿದರೆ ಮಗು ಜಾರುತ್ತದೆ. ಇಷ್ಟು ತಿಳಿದಿದ್ದರೂ ಕೊನೆಯ ಅಳತೆಯನ್ನು ಬಲ್ಲವರ ಕೈಯಲ್ಲಿ ತೆಗೆಸಿ. ವಿಶ್ವ ಆರೋಗ್ಯ ಸಂಸ್ಥೆ ೨೦೦೮ರಲ್ಲೂ ಮತ್ತೆ ೨೦೨೩ರಲ್ಲೂ ಗಾಲಿಕುರ್ಚಿಗಳನ್ನು ಕುರಿತು ಮಾರ್ಗಸೂಚಿ ಹೊರಡಿಸಿದೆ. ಅಳೆದು, ಹೊಂದಿಸಿ, ಬಳಸಲು ಕಲಿಸಿ, ಆಮೇಲೂ ವಿಚಾರಿಸುತ್ತಿರಬೇಕು ಎನ್ನುತ್ತದೆ ಅದು.

ಕುರ್ಚಿಯನ್ನು ಮಗು ತಾನೇ ನಡೆಸಬಲ್ಲುದೇ ಎಂಬುದನ್ನೂ ನೋಡಬೇಕು. ಕಾಲಿಗೆ ಶಕ್ತಿಯಿಲ್ಲದಿದ್ದರೂ ತೋಳು ಗಟ್ಟಿಯಾಗಿರುವ ಮಕ್ಕಳಿದ್ದಾರೆ. ಅಂಥವರಿಗೆ ಹಿಂದಿನ ಗಾಲಿ ಕೈಗೆ ಎಟುಕುವಂತಿರಲಿ. ತಳ್ಳಿಸಿಕೊಳ್ಳುವ ಕುರ್ಚಿ ಕೊಟ್ಟು ಅವರನ್ನು ಸುಮ್ಮನೆ ಕೂಡಿಸಬೇಡಿ. ಅಮೆರಿಕದ ಎಂ.ಐ.ಟಿ.ಯಲ್ಲಿ ಆಮೋಸ್ ವಿಂಟರ್ ಮತ್ತು ಸಂಗಡಿಗರು ಸನ್ನೆಕೋಲುಗಳಿಂದ ನಡೆಯುವ ಮೂರು ಗಾಲಿಯ ಕುರ್ಚಿಯನ್ನು ರೂಪಿಸಿ ನಮ್ಮ ದೇಶದಲ್ಲಿಯೂ ಪರೀಕ್ಷಿಸಿದರು. ಕೋಲನ್ನು ಮೇಲೆ ಹಿಡಿದು ತಳ್ಳಿದರೆ ಬಲ ಹೆಚ್ಚು, ಕೆಳಗೆ ಹಿಡಿದರೆ ವೇಗ ಹೆಚ್ಚು. ದೊಡ್ಡ ಹುಡುಗರಿಗೆ ಅದು ಹಿಡಿಸೀತು.

ನಮ್ಮ ಮೊಮ್ಮಗಳದು ಆ ಬಗೆಯಲ್ಲ. ಆದ್ದರಿಂದ ತಳ್ಳುವವರ ಯೋಚನೆಯೂ ಬಂತು. ಮಗು ಇಪ್ಪತ್ತೈದು ಕಿಲೋ, ಕುರ್ಚಿ ಹದಿನೈದು ಕಿಲೋ, ಒಟ್ಟು ನಲವತ್ತು ಎಂದಿಟ್ಟುಕೊಳ್ಳಿ. ಹನ್ನೆರಡು ಅಡಿಗೆ ಒಂದಡಿ ಏರುವ ಸರಿಯಾದ ಇಳಿಜಾರಿನಲ್ಲಿ ಮೂರು ಕಿಲೋಗಿಂತ ಚೂರು ಹೆಚ್ಚಿನ ಭಾರವನ್ನು ತಡೆದು ನೂಕುತ್ತಿರುತ್ತೀರಿ. ಕೆರೆಯ ಏರಿಯ ಪಕ್ಕದಲ್ಲಿ ನಾಲ್ಕು ಅಡಿಗೆ ಒಂದಡಿ ಏರುವ ಕಡೆ ಅದು ಹತ್ತು ಕಿಲೋದ ಹತ್ತಿರ ಬರುತ್ತದೆ. ಕೊಡ ನೀರಿನ ಭಾರವನ್ನು ಎದೆಯ ಮಟ್ಟದಲ್ಲಿ ಮುಂದಕ್ಕೆ ನೂಕಿದಂತೆ. ಮನೆಯಲ್ಲಿ ನಿತ್ಯ ತಳ್ಳುವವರು ಯಾರು? ಬಹಳ ಕಡೆ ತಾಯಿ, ಇಲ್ಲವೆ ಅಜ್ಜಿ. ಹಿಡಿ ಅವರ ಎತ್ತರಕ್ಕೆ ಹೊಂದಬೇಕು. ಹಿಡಿಯಲ್ಲೇ ಬ್ರೇಕು ಇರಬೇಕು. ಕೈತಪ್ಪಿದರೆ ಕುರ್ಚಿ ಓಡದಂತೆ ಮಣಿಕಟ್ಟಿಗೆ ಒಂದು ಪಟ್ಟಿ ಬೇಕು. ಕುರ್ಚಿಯನ್ನು ಬಿಚ್ಚಿ ಡಿಕ್ಕಿಗೆ ಎತ್ತಿಡುವುದನ್ನು ಅಂಗಡಿಯಲ್ಲೇ ಅವರ ಕೈಯಲ್ಲಿ ಮಾಡಿಸಿ ನೋಡಿ. ಮಾರುವಾತ ಎತ್ತಿ ತೋರಿಸಿದರೆ ಅದು ಲೆಕ್ಕಕ್ಕೆ ಬಾರದು.

ಟೈರಿನ ಮಾತು. ಗಾಳಿಯಿಲ್ಲದ ಗಟ್ಟಿ ಟೈರು ಪಂಚರಾಗುವುದಿಲ್ಲ, ನಿಜ. ಆದರೆ ಕಲ್ಲಿನ ಪ್ರತಿಯೊಂದು ಏಟೂ ಮಗುವಿನ ಬೆನ್ನಿಗೆ ಹೋಗುತ್ತದೆ. ಗಾಳಿ ಟೈರು ಕೊಳ್ಳಿ. ಸೈಕಲ್ಲಿಗೆ ಬರುವ ಅಳತೆಯದನ್ನೇ ಕೊಳ್ಳಿ. ಬೀದಿಯ ಸೈಕಲ್ ಷಾಪಿನವನು ಟ್ಯೂಬು ಬದಲಿಸಲು ಬರುವಂತಿಲ್ಲದ ಕುರ್ಚಿ ಒಂದು ಮಳೆಗಾಲದ ನಂತರ ಅಟ್ಟ ಸೇರುತ್ತದೆ.

ಮೋಟಾರಿನ ವಿಷಯ ಹೆಚ್ಚು ಹೇಳುವುದಿಲ್ಲ. ಮದರಾಸಿನ ಐ.ಐ.ಟಿ.ಯ ಕೆಲಸದಿಂದ ಬಂದ ನಿಯೋಬೋಲ್ಟ್ ಎಂಬ ಜೋಡಣೆ ೨೦೨೧ರಲ್ಲಿ ಹೊರಬಂತು. ಕುರ್ಚಿಯ ಮುಂದೆ ಸಿಕ್ಕಿಸಿದರೆ ಅದು ಬ್ಯಾಟರಿಯ ವಾಹನವಾಗುತ್ತದೆ. ಬೆಳೆದವರಿಗೆ ಅದೊಂದು ಸ್ವಾತಂತ್ರ್ಯ. ಚಿಕ್ಕ ಮಗುವಿನೊಡನೆ ಹೋಗುವವರಿಗೆ ಭಾರವೂ ಚಾರ್ಜಿನ ಚಿಂತೆಯೂ ಹೆಚ್ಚೆಂದು ನನ್ನ ಎಣಿಕೆ.

ಎಲ್ಲಿ ವಿಚಾರಿಸಬೇಕು? ಬೆಂಗಳೂರಿನಲ್ಲಿ ಎನ್.ಎಸ್. ಹೇಮಾ ಅವರು ೧೯೫೯ರಲ್ಲಿ ಕಟ್ಟಿದ ಎ.ಪಿ.ಡಿ. ಇದೆ, ೧೯೯೪ರಿಂದ ಮೊಬಿಲಿಟಿ ಇಂಡಿಯಾ ಇದೆ. ಗಾಲಿಕುರ್ಚಿಯನ್ನು ಆಳಿಗೆ ತಕ್ಕಂತೆ ಹೊಂದಿಸುವ ವಿದ್ಯೆ ಇಂಥ ಕಡೆ ಉಂಟು. ಕೇಂದ್ರ ಸರ್ಕಾರದ ಅಡಿಪ್ ಯೋಜನೆ ೧೯೮೧ರಿಂದ ನಡೆದುಬಂದಿದೆ; ಆದಾಯದ ಮಿತಿಗೆ ಒಳಪಟ್ಟು ಸಲಕರಣೆ ಕೊಡುತ್ತಾರೆ. ಯು.ಡಿ.ಐ.ಡಿ. ಕಾರ್ಡನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಮನೆಗೂ ಶಾಲೆಗೂ ಬೇಕಾದ ಕುರ್ಚಿಯನ್ನು ಯೋಜನೆಯಿಂದ ಪಡೆದು, ಕೈಯ ಹಣವನ್ನು ಬಯಲಿನ ಕುರ್ಚಿಗೆ ಉಳಿಸಿಕೊಂಡವರನ್ನು ನಾನು ಬಲ್ಲೆ. ಅದು ಜಾಣತನ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ೨೯ನೆಯ ವಿಧಿ ಮನರಂಜನೆಯನ್ನೂ ಹಕ್ಕೆಂದೇ ಎಣಿಸಿದೆ. ಉದ್ಯಾನದ ಗೇಟಿನಲ್ಲಿ ಕುರ್ಚಿ ನುಸುಳದಂತೆ ಕಬ್ಬಿಣದ ಕಂಬ ನೆಟ್ಟಿರುವುದನ್ನು ಕಂಡಾಗ ಈ ವಿಧಿಯನ್ನು ಹೆಸರಿಸಿ ಒಂದು ಅರ್ಜಿ ಬರೆಯಬಹುದು. ನಾನು ಬರೆದಿದ್ದೇನೆ.

ಕೆಲವು ಸಲ ಬದಲಿಸಬೇಕಾದ್ದು ಕುರ್ಚಿಯನ್ನಲ್ಲ, ನೆಲವನ್ನು. ಚೆನ್ನೈಯ ಮರೀನಾದಲ್ಲಿ ೨೦೨೨ರ ನವೆಂಬರಿನಲ್ಲಿ ನೀರಿನ ಹತ್ತಿರದವರೆಗೂ ಮರದ ಹಲಗೆಯ ದಾರಿ ಹಾಕಿದರು. ಮರು ತಿಂಗಳ ಚಂಡಮಾರುತಕ್ಕೆ ಅದರ ಒಂದು ಭಾಗ ಕಿತ್ತುಹೋಗಿ, ಮತ್ತೆ ಸರಿಪಡಿಸಬೇಕಾಯಿತು. ನಮ್ಮ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ೨೦೨೦ರಲ್ಲಿ ನೀಲಿ ಬಾವುಟದ ಮನ್ನಣೆ ಬಂತು. ಅಂಗವಿಕಲರ ಪ್ರವೇಶದ ಅನುಕೂಲವನ್ನು ವಿಚಾರಿಸುವುದೂ ಆ ಮನ್ನಣೆಯ ನಿಯಮಗಳಲ್ಲೊಂದು. ಹೋಗುವ ಮೊದಲು ಫೋನು ಮಾಡಿ ಕೇಳಿಕೊಳ್ಳಿ.

ಅಂಥ ದಾರಿ ಇಲ್ಲದಲ್ಲಿ ಏನು ಮಾಡಬೇಕು? ದಂಡೆಯನ್ನು ಗಮನಿಸಿದ್ದೀರಾ? ನೀರಿನಂಚಿನ ಒದ್ದೆ ಮರಳು ಗಟ್ಟಿಯಾಗಿಯೇ ಇರುತ್ತದೆ. ಕಾಟ ಕೊಡುವುದು ರಸ್ತೆಗೂ ಆ ಒದ್ದೆ ಮರಳಿಗೂ ನಡುವಣ ಒಣ ಮರಳು. ಅದನ್ನು ದಾಟಿದರೆ ಆಯಿತು. ಕಳೆದ ಡಿಸೆಂಬರಿನಲ್ಲಿ ಮತ್ತೆ ಮಲ್ಪೆಗೆ ಹೋದಾಗ, ಅಳತೆ ಕೊಟ್ಟು ಮಾಡಿಸಿದ ಮೂರು ಗಾಲಿಯ ಕುರ್ಚಿಯ ಜೊತೆಗೆ ಎರಡು ಉದ್ದನೆಯ ತೆಂಗಿನ ನಾರಿನ ಚಾಪೆಗಳನ್ನು ಕಟ್ಟಿಕೊಂಡು ಹೋದೆವು. ಒಂದರ ಮೇಲೆ ಕುರ್ಚಿ ನಿಂತಿರುವಾಗ ಇನ್ನೊಂದನ್ನು ಮುಂದೆ ಹಾಸುವುದು, ಹಿಂದಿನದನ್ನು ಎತ್ತಿ ಮತ್ತೆ ಮುಂದಕ್ಕೆ. ಚಾಪೆ ಸರಿದ ಕಡೆ ಕುರ್ಚಿಯನ್ನು ತಿರುಗಿಸಿ, ದೊಡ್ಡ ಗಾಲಿ ಮೊದಲು ಹೋಗುವಂತೆ ಹಿಮ್ಮುಖವಾಗಿ ಎಳೆದೆವು. ಗಾಲಿ ಹೂತ ಯಾವ ನೆಲದಲ್ಲಾದರೂ ಈ ಉಪಾಯ ನೆನಪಿರಲಿ; ತಳ್ಳಬೇಡಿ, ಎಳೆಯಿರಿ. ಅದಕ್ಕೆ ಮುಂಚೆ ಒಂದು ತಿಂಗಳು ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ಬೆಳಗ್ಗೆ ಅಭ್ಯಾಸ ಮಾಡಿದ್ದೆವು, ಕುರ್ಚಿಗೂ ಅವಳಿಗೂ ನಮಗೂ ಹೊಂದಿಕೆಯಾಗಲೆಂದು. ಮೊದಲ ದಿನವೇ ಕಡಲಿಗೆ ಇಳಿಯುವುದು ತರವಲ್ಲ.

ಒದ್ದೆ ಮರಳು ಮುಟ್ಟಿದ ಮೇಲೆ ಚಾಪೆ ಬೇಕಾಗಲಿಲ್ಲ. ಮೊದಲನೆಯ ಅಲೆ ಪಾದಕ್ಕೆ ಬಡಿದಾಗ ಹುಡುಗಿ ಕಿರುಚಿದ್ದನ್ನು ನೋಡಿ ಪಕ್ಕದಲ್ಲಿದ್ದ ಬೆಸ್ತರ ಹೆಂಗಸೊಬ್ಬರು ಏನೋ ಆಯಿತೆಂದು ಓಡಿಬಂದರು. ಸ್ವಲ್ಪ ಹೊತ್ತಾದ ಮೇಲೆ ಅವಳಿಗೆ ನೆನಪಾಯಿತು: "ತಾತ, ಚಪ್ಪಲಿ ಯಾರು ನೋಡ್ಕೋತಿದಾರೆ?" ಯಾರೂ ನೋಡಿಕೊಳ್ಳುತ್ತಿರಲಿಲ್ಲ. ನನ್ನದೊಂದು ಜೊತೆ ಹೋಗಿಯೂ ಹೋಯಿತು.

ಮರಳಿ ಬಂದ ಮೇಲಿನ ಕೆಲಸವನ್ನು ಮರೆಯಬೇಡಿ. ಉಪ್ಪುನೀರು ಬೇರಿಂಗನ್ನು ತಿಂದುಹಾಕುತ್ತದೆ. ಅಂದೇ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಗ್ರೀಸು ಹಚ್ಚಬೇಕು. ಅದಕ್ಕೂ ಮೊದಲು ಮಗುವಿನ ಕುಂಡೆ, ಬೆನ್ನು, ಹಿಮ್ಮಡಿಗಳನ್ನು ನೋಡಿ. ಕೆಂಪಾದ ಗುರುತು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಮೆತ್ತೆಯಲ್ಲೋ ಅಳತೆಯಲ್ಲೋ ದೋಷವಿದೆ. ತೋರಿಸಿ ಸರಿಮಾಡಿಸುವ ತನಕ ಆ ಕುರ್ಚಿ ಬೇಡ. ನಮ್ಮ ಹುಡುಗಿಗೆ ಈ ಸಲ ಅಂಥದ್ದೇನೂ ಇರಲಿಲ್ಲ. ಎಡಗಡೆಯ ಟೈರಿಗೆ ಮಾತ್ರ ಕಪ್ಪೆಚಿಪ್ಪಿನ ಚೂರು ಹೊಕ್ಕು ಗಾಳಿ ಇಳಿದಿತ್ತು. ನಮ್ಮ ಬೀದಿಯ ಸೈಕಲ್ ಷಾಪಿನವನು ಹತ್ತು ನಿಮಿಷದಲ್ಲಿ ತೇಪೆ ಹಾಕಿಕೊಟ್ಟ.